ಗಾಳಕ್ಕೆ ಬಿದ್ದ ಶೆಟ್ರು

ಮಲ್ಪೆಯ ಕಡಲದಡದಲ್ಲಿ ಗಾಳದ ದಾರ ಸುತ್ತುವ ರೀಲ್ ರಿಪೇರಿ ಮಾಡುವ ಗುಲಾಬಿಯ ಅಂಗಡಿಗೆ, ಕಟ್ಟಡದ ಮಾಲೀಕ ಮಹಾಬಲ ಶೆಟ್ರು ತಮ್ಮ ಗಾಳ ಹಿಡಿದು ಸಿಟ್ಟಿನಿಂದ ಬಂದರು.

"ನೀನು ಹೊಸ ಬ್ರೇಕ್ ಹಾಕಿದ ರೀಲು, ಮೀನು ಎಳೆದಷ್ಟೂ ದಾರ ಬಿಡ್ತದೆ. ಒಂದಿಂಚೂ ಬಿಡದ ಹಾಗೆ ಬಿಗಿ ಮಾಡು. ಇಲ್ಲದಿದ್ದರೆ ಅಂಗಡಿ ಖಾಲಿ ಮಾಡು!"

ಗುಲಾಬಿ ಬಿಗಿ ಮಾಡಿದಳು. "ಪರೀಕ್ಷೆ ಮಾಡುವ, ಶೆಟ್ರೇ. ನೀವೇ ಮೀನು," ಎಂದು ದಾರವನ್ನು ಅವರ ಬೆಲ್ಟಿಗೆ ಕಟ್ಟಿದಳು. ಶೆಟ್ರು ಮರಳಿನಲ್ಲಿ ಓಡಿದರು. ದಾರ ಫಟ್ಟೆಂದು ತುಂಡಾಯಿತು.

"ಮೀನು ಹೋಯ್ತು," ಎಂದಳು ಗುಲಾಬಿ.

ಬ್ರೇಕನ್ನು ಮೊದಲಿನಂತೆ ಸಡಿಲಿಸಿ ದಾರವನ್ನು ಮತ್ತೆ ಬೆಲ್ಟಿಗೆ ಕಟ್ಟಿದಳು. ಈ ಸಲ ಶೆಟ್ರು ಓಡಿದಷ್ಟೂ ದಾರ ಬಿಚ್ಚಿಕೊಂಡಿತು. ಅವರು ಏದುಸಿರು ಬಿಡುತ್ತಾ ನಿಂತಾಗ ಗುಲಾಬಿ ಮೆಲ್ಲನೆ ಸುತ್ತತೊಡಗಿದಳು. ಶೆಟ್ರು ಹೆಜ್ಜೆ ಹೆಜ್ಜೆಯಾಗಿ ಅಂಗಡಿ ಬಾಗಿಲಿಗೇ ಬಂದುಬಿಟ್ಟರು!

ಬೆವರು ಒರೆಸಿಕೊಂಡು ನಕ್ಕರು. "ಮಾರಾಯ್ತಿ, ನನ್ನನ್ನೇ ಹಿಡಿದೆಯಲ್ಲ! ಮನೆಯಲ್ಲಿ ಇನ್ನೆರಡು ರೀಲುಂಟು, ಅವಕ್ಕೂ ಇದೇ ಬ್ರೇಕ್ ಹಾಕು."