ಸವೆದ ಎರಡು ನಿಮಿಷ

"ಗುರುಗಳೇ, ಒಂದು ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಎಷ್ಟು ಹೊತ್ತು ಕೇಳಬೇಕು? ನನಗಂತೂ ಎರಡು ನಿಮಿಷ ಸಾಕು," ಎಂದ ಶಿಷ್ಯ.

ಗುರುಗಳು ಹೇಳಿದರು:

ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ತಮ್ಮನ ಬಳಿ ಒಂದು ಎಲ್‌ಪಿ ರೆಕಾರ್ಡ್ ಇತ್ತು. ಅದು ಹೊರದೇಶದ ಒಂದು ಪ್ರೋಗ್ರೆಸಿವ್ ರಾಕ್ ತಂಡದ್ದು. ಆ ತಂಡದ ಹೆಸರನ್ನು ಊರಿನಲ್ಲಿ ಬೇರೆ ಯಾರೂ ಕೇಳಿರಲಿಲ್ಲ. ಒಂದು ಬದಿಯ ತುಂಬ ಒಂದೇ ಹಾಡು, ಇಪ್ಪತ್ತೊಂದು ನಿಮಿಷ. ಪ್ರತಿ ಭಾನುವಾರ ತಿಂಡಿಯಾದ ಮೇಲೆ ತಮ್ಮ ಅಣ್ಣನನ್ನು ಕರೆದು ಕೂರಿಸಿ ಅದನ್ನು ಹಾಕುತ್ತಿದ್ದ. ಹಾಡು ಡ್ರಮ್ಮಿನ ಅಬ್ಬರದಿಂದ ಶುರುವಾಗುತ್ತಿತ್ತು.

"ಏನೋ ಇದು, ಅಟ್ಟದಿಂದ ಪಾತ್ರೆ ಬಿದ್ದ ಹಾಗಿದೆ. ಇನ್ನೂ ಎಷ್ಟು ಪಾತ್ರೆ ಉಳಿದಿವೆಯೋ ಇವರ ಹತ್ತಿರ?"

"ತಾಳಣ್ಣ, ಹಾಡು ಇನ್ನೂ ಮುಂದಿದೆ."

ಅಣ್ಣ ನಕ್ಕು ಎದ್ದು ಸಂತೆಗೆ ಹೋಗುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು. ಆಮೇಲೆ ತಮ್ಮ ಕಾಯಿಲೆ ಬಿದ್ದು ತೀರಿಕೊಂಡ.

ಅಣ್ಣ ಆ ರೆಕಾರ್ಡನ್ನು ಹಳೆಯ ರೆಕಾರ್ಡುಗಳ ಅಂಗಡಿಗೆ ಒಯ್ದ. ಮಾರುವುದಕ್ಕಲ್ಲ. ತಮ್ಮ ಇದರಲ್ಲಿ ಏನು ಕಂಡಿದ್ದ ಎಂದು ಅವನಿಗೆ ತಿಳಿಯಬೇಕಾಗಿತ್ತು. ಹೇಳಬೇಕಾದವನು ಇರಲಿಲ್ಲ.

ಅಂಗಡಿಯವನು ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. "ವಿಚಿತ್ರವಾಗಿದೆ ಸ್ವಾಮಿ. ಅಂಚಿನಲ್ಲಿ ಅರ್ಧ ಬೆರಳಗಲ ಸವೆದು ಬೂದು ಬಣ್ಣಕ್ಕೆ ತಿರುಗಿದೆ. ಅದರಾಚೆ ನೋಡಿ, ಹೊಸದರ ಹಾಗೆ ಹೊಳೆಯುತ್ತಿದೆ. ನೂರಾರು ಸಲ ಹಾಕಿದ್ದಾರೆ, ಅಷ್ಟೂ ಸಲ ಎರಡೇ ನಿಮಿಷಕ್ಕೆ ನಿಲ್ಲಿಸಿದ್ದಾರೆ. ಅಷ್ಟು ಬೇಜಾರಾಗಿದ್ದರೆ ಯಾರಿಗಾದರೂ ಕೊಟ್ಟುಬಿಡಬಹುದಿತ್ತಲ್ಲ!"

ಗಡಿಯಾರದವನು ರೆಕಾರ್ಡನ್ನು ಮರಳಿ ಕೈಗೆ ತೆಗೆದುಕೊಂಡ. ತಾನು ಎದ್ದುಹೋದ ಮೇಲೆ ತಮ್ಮ ಮಿಕ್ಕದ್ದನ್ನು ಕೇಳುತ್ತಾನೆಂದೇ ಅವನು ತಿಳಿದಿದ್ದ. ತಮ್ಮ ಪ್ರತಿ ಸಲವೂ ರೆಕಾರ್ಡಿನ ಮೇಲಿಂದ ಮುಳ್ಳನ್ನು ಎತ್ತಿ ಇಟ್ಟಿದ್ದ. ಮಿಕ್ಕದ್ದನ್ನು ಅಣ್ಣನ ಜೊತೆ ಕೇಳಬೇಕೆಂದು ಉಳಿಸಿಕೊಂಡಿದ್ದ.

ಅವನು ಮನೆಗೆ ಬಂದು ರೆಕಾರ್ಡ್ ಹಾಕಿದ. ಎರಡು ನಿಮಿಷ ಬರೀ ಚರಚರ ಸದ್ದು. ಆಮೇಲೆ ಅಬ್ಬರ ನಿಂತು ಆರ್ಗನ್ ಒಂದೇ ಉಳಿಯಿತು. ಏಳು ಎಣಿಕೆಯ ತಾಳ. ಅವನು ಮೊಣಕಾಲಿನ ಮೇಲೆ ಬೆರಳಿನಿಂದ ಎಣಿಸಿದ. ಒಂಬತ್ತನೆಯ ನಿಮಿಷದಲ್ಲಿ ತಾಳ ಬದಲಾಯಿತು. ಎಣಿಕೆ ತಪ್ಪಿತು, ಮತ್ತೆ ಹಿಡಿದ. ಕೊನೆಯವರೆಗೆ ಕೂತಲ್ಲಿಂದ ಏಳಲಿಲ್ಲ.

ಗುರುಗಳು ಕಥೆಯನ್ನು ಅಲ್ಲಿಗೆ ಮುಗಿಸಿದರು.

"ಹಾಗಾದರೆ ಹಾಡು ಚೆನ್ನಾಗಿತ್ತೇ?" ಎಂದು ಶಿಷ್ಯ ಕೇಳಿದ.

"ಚೆನ್ನಾಗಿದೆ ಎಂದು ಹೇಳಲು ಅವನು ತಮ್ಮ ಕೂರುತ್ತಿದ್ದ ಪಕ್ಕಕ್ಕೆ ತಿರುಗಿದ," ಎಂದರು ಗುರುಗಳು.