ಒಂದೇ ಕುರ್ಚಿಯ ಕೋಣೆ

“ಗುರುಗಳೇ, ಜನರ ನಡುವೆ ಹೋಗಿ ಬಂದರೆ ಮನಸ್ಸು ಕದಡುತ್ತದೆ. ನೀವು ಕಲಿಸಿದ್ದು ಹಾಳಾಗದಿರಲಿ ಎಂದು ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತೇನೆ. ಇದು ತಪ್ಪೇ?” ಎಂದು ಮರುಳಸಿದ್ಧ ಕೇಳಿದ.

ಗುರುಗಳು ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಅವನಿಗೆ ಸಂಗೀತದ ಹುಚ್ಚು. ಮುಚ್ಚಿಹೋದ ಸಿನಿಮಾ ಮಂದಿರದ ಮಾಲೀಕನಿಂದ ಅವನು ಎರಡು ಹಳೆಯ ಇಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರುಗಳನ್ನು ಕೊಂಡು ತಂದ. ಅವು ಪೆಟ್ಟಿಗೆಯಂತಿರಲಿಲ್ಲ, ಬಾಗಿಲಿನಂತೆ ಎತ್ತರವಾಗಿ, ಚಪ್ಪಟೆಯಾಗಿದ್ದವು. ತೂತುಗಳಿರುವ ಎರಡು ಲೋಹದ ಹಾಳೆಗಳ ನಡುವೆ ಈರುಳ್ಳಿ ಪೊರೆಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ವಿದ್ಯುತ್ತಿನ ಬಲದಿಂದ ಆ ಪೊರೆ ಅದುರಿದರೆ ಹಾಡುವವರು ಎದುರಿಗೇ ಕೂತಂತೆ ಕೇಳುತ್ತಿತ್ತು. ಆದರೆ ಪೊರೆ ಧೂಳನ್ನು ಎಳೆದುಕೊಳ್ಳುತ್ತಿತ್ತು. ದನಿ ಪೂರ್ತಿಯಾಗಿ ಸಿಗುತ್ತಿದ್ದುದು ನಡುವಿನ ಒಂದು ಜಾಗದಲ್ಲಿ ಮಾತ್ರ. ಅಲ್ಲಿ ಅವನು ಒಂದು ಕುರ್ಚಿ ಹಾಕಿಕೊಂಡ.

ಅವನ ಜೊತೆಗೆ ತಂಗಿ ಶಾಂಭವಿ ಇದ್ದಳು. ಹಿಂದೆ ಅವಳು ರೇಡಿಯೋದಲ್ಲಿ ಹಾಡುತ್ತಿದ್ದಳು. ಗಂಟಲಿನ ಆಪರೇಷನ್ ಆದ ಮೇಲೆ ಮಾತಿಗಷ್ಟೇ ದನಿ ಉಳಿಯಿತು. ಅವಳ ಹಾಡಿನ ಒಂದೇ ಒಂದು ಟೇಪು ಮನೆಯಲ್ಲಿತ್ತು. ಅಣ್ಣ ದಿನವೂ ಸಂಜೆ ಅದನ್ನು ಕೇಳುತ್ತಿದ್ದ. ಆದರೆ ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಸೆರಗು ಬೀಸಿದರೆ ಧೂಳು ಏಳುತ್ತದೆ, ಒಗ್ಗರಣೆಯ ಹೊಗೆ ಸೀರೆಗೆ ಅಂಟಿರುತ್ತದೆ ಎನ್ನುತ್ತಿದ್ದ. ಕಿಟಕಿಗಳಿಗೂ ಅಂಟುಪಟ್ಟಿ ಹಚ್ಚಿದ್ದ. ತನ್ನದೇ ದನಿಯನ್ನು ತಂಗಿ ಗೋಡೆಯಾಚೆಯಿಂದ ಅಸ್ಪಷ್ಟವಾಗಿ ಕೇಳುತ್ತಿದ್ದಳು.

ಒಂದು ಮಳೆಗಾಲ ಬಲಗಡೆಯ ಸ್ಪೀಕರ್ ಚಟಪಟ ಎಂದಿತು. ಮೂರನೆಯ ದಿನ ಪೂರ್ತಿ ಸತ್ತಿತು. ರೇಡಿಯೋ ರಿಪೇರಿಯವನು ಬಂದು ಬಿಚ್ಚಿ ನೋಡಿ, “ಕೋಣೆಗೆ ಗಾಳಿಯೇ ಇಲ್ಲವಲ್ಲ ಸ್ವಾಮಿ. ತೇವ ಹೊರಗೆ ಹೋಗಲು ದಾರಿ ಇಲ್ಲದೆ, ಕಿಡಿ ಹಾರಿ ಪೊರೆ ಸುಟ್ಟಿದೆ. ಈ ರಿಪೇರಿಯನ್ನು ಈಗ ಯಾರೂ ಮಾಡುವುದಿಲ್ಲ. ಪೊರೆ ತರಿಸಿಕೊಡುತ್ತೇನೆ, ಎಳೆದು ಕೂರಿಸುವುದು ನಿಮ್ಮ ಕೈಚಳಕ,” ಎಂದ.

ಪೊರೆ ಬಂತು, ಮೂರು ತುಂಡು. ಗಡಿಯಾರದವನು ಬಾಗಿಲು ಹಾಕಿಕೊಂಡು ಕೂತ. ಒಂದು ಬದಿ ಎಳೆದರೆ ಇನ್ನೊಂದು ಬದಿ ಸುಕ್ಕಾಯಿತು. ಮೊದಲನೆಯದು ಹರಿಯಿತು. ಎರಡನೆಯದೂ ಹರಿಯಿತು. ಅವನು ನೆಲದ ಮೇಲೆ ಕೂತು ತಲೆ ಹಿಡಿದುಕೊಂಡ.

ಶಾಂಭವಿ ಬಾಗಿಲು ಸರಿಸಿ ಹೊಸ್ತಿಲಲ್ಲೇ ನಿಂತಳು. “ಅಣ್ಣಾ, ಆ ಕಡೆ ನಾನು ಹಿಡಿಯಲೇ? ಕೈ ತೊಳೆದುಕೊಂಡೇ ಬಂದಿದ್ದೇನೆ,” ಎಂದಳು.

ಅವನು ಉಳಿದ ಒಂದೇ ತುಂಡನ್ನು ನೋಡಿದ. ಅವಳ ಕೈಗಳನ್ನು ನೋಡಿದ. “ಬಾ,” ಎಂದ.

ಇಬ್ಬರೂ ಎದುರುಬದುರು ಕೂತು ಎಳೆದರು. ತಂಗಿ ಉಗುರಿನಿಂದ ಪೊರೆಯನ್ನು ಮೆಲ್ಲಗೆ ತಟ್ಟಿ ಕಿವಿಗೊಟ್ಟಳು. “ಈ ಮೂಲೆಯ ಶ್ರುತಿ ಇಳಿದಿದೆ, ಸ್ವಲ್ಪ ಬಿಗಿ ಮಾಡು,” ಎಂದಳು. ಅವನ ಕಣ್ಣಿಗೆ ಕಾಣದ ಸಡಿಲು ಅವಳ ಕಿವಿಗೆ ಸಿಕ್ಕಿತ್ತು. ನಾಲ್ಕೂ ಮೂಲೆ ಒಂದೇ ಸ್ವರ ಕೊಡುವವರೆಗೆ ಅವಳು ಬಿಡಲಿಲ್ಲ. ಆಮೇಲೆ ಅಂಟು ಹಾಕಿ, ವಿದ್ಯುತ್ತು ಹರಿಯಲೆಂದು ಪೆನ್ಸಿಲ್ ಸೀಸದ ಪುಡಿಯನ್ನು ಹತ್ತಿಯಿಂದ ಪೊರೆಗೆ ತಿಕ್ಕಿ, ಒಂದು ದಿನ ಒಣಗಲು ಬಿಟ್ಟರು.

ಮರುದಿನ ಸಂಜೆ ಅಣ್ಣ ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ತಾನು ಗೋಡೆಗೆ ಒರಗಿ ನಿಂತು ಟೇಪು ಹಾಕಿದ. ಶಾಂಭವಿ ತನ್ನ ದನಿಯನ್ನು ಹನ್ನೊಂದು ವರ್ಷದ ಮೇಲೆ ಸರಿಯಾಗಿ ಕೇಳಿದಳು. ಹಾಡು ಮುಗಿಯಿತು. ಅವಳು ಅತ್ತಾಳು ಎಂದುಕೊಂಡಿದ್ದ ಅಣ್ಣ. ಅವಳು ಅಳಲಿಲ್ಲ.

“ಎರಡನೆಯ ಚರಣದಲ್ಲಿ ಸಾಲಿನ ನಡುವೆ ಉಸಿರು ಕದ್ದಿದ್ದೇನೆ ಅಣ್ಣಾ. ಹಾಗೆ ಹಾಡಬಾರದು. ಇದನ್ನು ಯಾರಿಗಾದರೂ ಹೇಳಿಕೊಡಬೇಕು,” ಎಂದಳು.

ಆ ತಿಂಗಳಿನಿಂದ ಬೀದಿಯ ಮೂವರು ಹೆಣ್ಣುಮಕ್ಕಳು ಪಾಠಕ್ಕೆ ಬರತೊಡಗಿದರು. ಶಾಂಭವಿ ಟೇಪು ಹಾಕಿ ಕೇಳಿಸುವಳು, ತಪ್ಪು ತೋರಿಸುವಳು, ಅವರಿಂದ ಹಾಡಿಸುವಳು. ಅಣ್ಣ ಕಿಟಕಿಯ ಅಂಟುಪಟ್ಟಿ ಕಿತ್ತ. ಧೂಳು ಬಂತು. ವಾರಕ್ಕೊಮ್ಮೆ ಮೆತ್ತನೆಯ ಬ್ರಷ್ ಹಿಡಿದು ಅವನೇ ಗುಡಿಸುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮರುಳಸಿದ್ಧ ಕೇಳಿದ: “ಅಷ್ಟು ಜನ ಓಡಾಡಿದ ಮೇಲೆ ಆ ಸ್ಪೀಕರ್ ಮತ್ತೆ ಕೆಡಲಿಲ್ಲವೇ, ಗುರುಗಳೇ?”

“ಮೂರು ಸಲ ಕೆಟ್ಟಿತು, ಆದರೆ ಒಂದು ಸಲವೂ ಅವನು ಒಬ್ಬನೇ ಕೂತು ರಿಪೇರಿ ಮಾಡಲಿಲ್ಲ.”