ಗಂಟನ್ನು ಗಾಯವೆಂದು ಸಾಕಿದ ನಾರು

ಏಳೂರಿಗೆ ಒಂದೇ ಎತ್ತು ಅಂದರೆ ನಮ್ಮ ಕೆಂದ. ಅದರ ಕೊಂಬಿನ ಬುಡಕ್ಕೆ ಕಿವಿಯಿಟ್ಟು ನಾನೇ ಕೇಳಿದ ಮಾತಿದು. ಅಲ್ಲಿ ಸಾಸಿವೆಯಷ್ಟಿದ್ದ ಕ್ಯಾನ್ಸರ್ ಗಂಟು, ಸುತ್ತಲ ಮಾಂಸವನ್ನು ಹಿಡಿದಿಟ್ಟಿದ್ದ ನಾರಿಗೆ, "ನಾರಪ್ಪನವರೇ, ನಾನೊಂದು ಗಾಯ, ಕಾಪಾಡಿ" ಎಂದಿತು. ಗಾಯ ಕಂಡಲ್ಲಿ ಹೆಣೆಯುವುದೇ ನಾರಿನ ಕಸುಬು. ಬಿಗಿಯಾಗಿ ಸುತ್ತಿಕೊಂಡಿತು, ನೆತ್ತರಿನ ಕಾಲುವೆಯನ್ನೂ ಅತ್ತ ತಿರುಗಿಸಿತು. ಗಂಟು ತೆಂಗಿನಕಾಯಿಯಷ್ಟಾಯಿತು, ಮೆತ್ತಗಿದ್ದ ನಾರು ಹಗ್ಗದಂತೆ ಗಡುಸಾಯಿತು. ಗಂಟನ್ನು ಕೊಲ್ಲಲು ರಕ್ತದ ಕಾವಲುಗಾರರು ದಂಡೆತ್ತಿ ಬಂದರೆ ನಾರೇ ಅಡ್ಡ ನಿಂತು, "ರೋಗಿ ಮಲಗಿದ್ದಾನೆ, ಆಚೆ ಹೋಗ್ರಯ್ಯ" ಎಂದು ಗದರಿತು. ಅವರು ಹೋದ ಮೇಲೆ ಗಂಟಿನ ಕಡೆ ತಿರುಗಿ, "ಇಷ್ಟು ದಿನವಾಯ್ತು, ನೀನ್ಯಾಕಪ್ಪ ಮಾಯ್ತಿಲ್ಲ?" ಎಂದಿತು.

"ನಿಮ್ಮಂಥವರು ಸಾಕುವಾಗ ಮಾಯೋ ಅವಸರವೇನು, ಸ್ವಾಮಿ?"

ನಾರು ಸಡಿಲವಾಗಲು ನೋಡಿತು, ಆಗಲಿಲ್ಲ. ಕೆಂದನ ಕೊಂಬು ಆಗಲೇ ವಾಲಿತ್ತು.